ಅಜ್ಜಿಯ ಬೆಳ್ಳಿ ರೂಪಾಯಿಗೆ ಹುಣಸೆಹಣ್ಣು ಹಚ್ಚುವ ಮುನ್ನ

ಹಿರಿಯರ ಪೆಟ್ಟಿಗೆಯಿಂದ ಬೆಳ್ಳಿ ರೂಪಾಯಿ ಕೈಗೆ ಬಂದಿರುವ ಎಲ್ಲರಿಗೂ,



ಆಷಾಢ ಮುಗಿಯುತ್ತ ಬಂತೆಂದರೆ ನನ್ನ ಫೋನಿಗೆ ಒಂದೇ ನಮೂನೆಯ ಚಿತ್ರಗಳು ಬರತೊಡಗುತ್ತವೆ. ಸ್ಟೀಲ್ ತಟ್ಟೆಯಲ್ಲಿ ಹರಡಿದ ಹತ್ತೋ ಹನ್ನೆರಡೋ ಬೆಳ್ಳಿ ರೂಪಾಯಿ. ವಿಕ್ಟೋರಿಯಾ ರಾಣಿ, ಕಿರೀಟವಿಲ್ಲದ ಬೋಳುತಲೆಯ ಏಳನೆಯ ಎಡ್ವರ್ಡ್, ಗಡ್ಡದ ಐದನೆಯ ಜಾರ್ಜ್. ಎಲ್ಲರೂ ಆಗತಾನೇ ಅಂಗಡಿಯಿಂದ ತಂದ ಲೋಟದ ಹಾಗೆ ಫಳಫಳ. ಕೆಳಗೊಂದು ಸಾಲು: "ವರಮಹಾಲಕ್ಷ್ಮಿ ಹಬ್ಬಕ್ಕೆ ಅಜ್ಜಿ ಡಬ್ಬಿ ತೆಗೆದ್ವಿ ಸಾರ್, ಪೂರ್ತಿ ಕಪ್ಪಾಗಿತ್ತು. ಹುಣಸೆಹಣ್ಣು ಹಾಕಿ ಚೆನ್ನಾಗಿ ತಿಕ್ಕಿದ್ದೀವಿ. ಎಷ್ಟು ಬಾಳಬಹುದು?"

ಇವತ್ತಿನ ಬೆಳ್ಳಿಯ ದರ ಬಾಳುತ್ತದೆ. ಇಷ್ಟನ್ನೇ ಬರೆದು ಕಳಿಸಿದರೆ ಕೆಲವರಿಗೆ ಸಿಟ್ಟು, ಕೆಲವರಿಗೆ ನಾನೇ ಅಗ್ಗಕ್ಕೆ ಹೊಡೆಯಲು ಹೊಂಚುತ್ತಿದ್ದೇನೆ ಎಂಬ ಗುಮಾನಿ. ವರ್ಷಕ್ಕಿಷ್ಟು ಜನಕ್ಕೆ ಒಬ್ಬೊಬ್ಬರಾಗಿ ಸಮಜಾಯಿಷಿ ಹೇಳಿ ಸಾಕಾಗಿದೆ. ಆದ್ದರಿಂದ ಎಲ್ಲರಿಗೂ ಸೇರಿಸಿ ಈ ಪತ್ರ. ತಿಕ್ಕುವ ಮುನ್ನ ಓದಿದರೆ ಸಾರ್ಥಕ.

ಮೊದಲು ನನ್ನ ತಪ್ಪೊಪ್ಪಿಗೆ ಆಗಿಬಿಡಲಿ. ನಮ್ಮಜ್ಜಿಯ ಹಿತ್ತಾಳೆ ಡಬ್ಬಿಯಲ್ಲಿ ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಟ್ಟ ಎರಡು ರೂಪಾಯಿ ಇದ್ದವು. ಎರಡೂ 1918ರವು, ಎರಡೂ ಬೊಂಬಾಯಿ ಟಂಕಸಾಲೆಯವು. ಹಿಂಬದಿಯಲ್ಲಿ ಕೆಳಗಿನ ಕಮಲದ ಅಡಿಯಲ್ಲಿ ಸಾಸಿವೆಗಿಂತ ಸಣ್ಣ ಚುಕ್ಕೆಯೊಂದು ಉಬ್ಬಿದ್ದರೆ ಅದು ಬೊಂಬಾಯಿ, ಇಲ್ಲದಿದ್ದರೆ ಕಲ್ಕತ್ತೆ. ಎಂಟನೇ ಕ್ಲಾಸಿನಲ್ಲಿದ್ದ ನನಗೆ ಇದೊಂದೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಹುಣಸೆಹಣ್ಣು, ಒಲೆಯ ಬೂದಿ, ತೆಂಗಿನ ನಾರು. ಬಚ್ಚಲ ಕಲ್ಲಿನ ಮೇಲೆ ಕೂತು ಒಂದು ರೂಪಾಯಿಯನ್ನು ಹಲ್ಲು ಕಚ್ಚಿ ಬೆಳಗಿದೆ. ಎರಡನೆಯದನ್ನು ಎತ್ತಿಕೊಳ್ಳುವಷ್ಟರಲ್ಲಿ ಊಟಕ್ಕೆ ಕರೆದರು. ಆ ಊಟದ ಋಣ ಇವತ್ತಿಗೂ ತೀರಿಲ್ಲ.

ಈಗ ಎರಡೂ ನನ್ನ ಮೇಜಿನ ಮೇಲಿವೆ. ಬೆಳಗಿದ್ದು ಬಿಳಿ. ಸುಣ್ಣ ಬಳಿದ ಗೋಡೆಯ ಹಾಗೆ ಹೇಗೆ ತಿರುಗಿಸಿದರೂ ಒಂದೇ ಬಿಳಿ. ಹತ್ತು ಪಟ್ಟಿನ ಮಸೂರ ಹಿಡಿದರೆ ರಾಜನ ಮುಖದ ಮುಂದಿನ ಬಯಲಿನಲ್ಲಿ ನೇಗಿಲು ಹೊಡೆದಂತೆ ಗೆರೆಗಳು, ಎಲ್ಲ ಒಂದೇ ದಿಕ್ಕಿಗೆ, ನಾರು ಓಡಿದ ದಿಕ್ಕಿಗೆ. ಅಕ್ಷರಗಳ ಸಂದಿಯಲ್ಲಿ ಮಾತ್ರ ಹಳೆಯ ಕಪ್ಪು ಹಾಗೆಯೇ ಕೂತಿದೆ. ಜಾರ್ಜನ ನಿಲುವಂಗಿಯ ಮೇಲೆ ಪುಟ್ಟದೊಂದು ಆನೆ ಇದೆ. 1911ರ ಅಚ್ಚಿನಲ್ಲಿ ಅದು ಹಂದಿಯ ಹಾಗೆ ಕಾಣುತ್ತದೆಂದು ಗಲಾಟೆಯಾಗಿ ಸರ್ಕಾರ ಆ ರೂಪಾಯಿಗಳನ್ನು ವಾಪಸು ಪಡೆದು ಕರಗಿಸಬೇಕಾಯಿತು, ಮುಂದಿನ ವರ್ಷ ಸೊಂಡಿಲು ಉದ್ದವಾಯಿತು. ನಾನು ಬೆಳಗಿದ ನಾಣ್ಯದಲ್ಲಿ ಆನೆ ಮತ್ತೆ ಹಂದಿಯಾಗುವ ಹಾದಿಯಲ್ಲಿದೆ.

ಬೆಳಗದೆ ಉಳಿದದ್ದನ್ನು ಬರಿಗಣ್ಣಿಗೆ ನೋಡಿದರೆ ಕೊಳೆಯೆಂದೇ ಅನ್ನಿಸೀತು. ಒಂಟಿ ಬಲ್ಬಿನ ಕೆಳಗೆ ಓರೆಯಾಗಿ ಹಿಡಿದರೆ ಅಂಚಿನಲ್ಲಿ ನವಿಲುಗರಿಯ ನೀಲಿ, ಅದರ ಒಳಗೆ ನೇರಳೆ, ಆಮೇಲೆ ಬೆಲ್ಲದ ಕಂದು, ರಾಜನ ಕೆನ್ನೆಗೆ ಬರುವ ಹೊತ್ತಿಗೆ ತೆಳು ಜೇನಿನ ಬಣ್ಣ. ನಿಧಾನಕ್ಕೆ ತಿರುಗಿಸಿದರೆ ಈ ಬಣ್ಣಗಳ ಅಡಿಯಿಂದ ಬೆಳಕಿನ ಎರಡು ಪಟ್ಟಿ ಗಾಡಿಚಕ್ರದ ಅರೆಕಾಲಿನಂತೆ ನಾಣ್ಯದ ಸುತ್ತ ಓಡುತ್ತವೆ. ಒಂದು ಬದಿಯಲ್ಲಿ ಮೂರನೇ ದಿನದ ಚಂದ್ರನಂಥ ಬಿಳಿಯ ತುಣುಕು. ಡಬ್ಬಿಯಲ್ಲಿ ಅದರ ಜೋಡಿ ಅಷ್ಟು ಜಾಗವನ್ನು ಮುಚ್ಚಿ ಒರಗಿಕೊಂಡಿದ್ದ ಗುರುತು ಅದು. ಜೋಡಿಯ ಮೇಲೂ ಇಂಥದೊಂದು ಗುರುತು ಇದ್ದಿರಲೇಬೇಕು. ಅದನ್ನು ನಾನು ಬೂದಿ ಹಾಕಿ ತಿಕ್ಕಿದ್ದೇನೆ.

ಎಷ್ಟೋ ವರ್ಷಗಳ ಮೇಲೆ ಹಿರಿಯ ಸಂಗ್ರಾಹಕರೊಬ್ಬರು ಎರಡನ್ನೂ ನೋಡಿ ಬಿಳಿಯದಕ್ಕೆ ತೂಕದ ಬೆಲೆ ಹೇಳಿದರು, ಮಾಸಿದ್ದಕ್ಕೆ ಅದರ ಹಲವು ಪಟ್ಟು. ಒಂದೇ ವರ್ಷ, ಒಂದೇ ಟಂಕಸಾಲೆ, ಒಂದೇ ಡಬ್ಬಿ. ನಡುವೆ ಇದ್ದ ವ್ಯತ್ಯಾಸ ಒಂದು ಹಿಡಿ ಬೂದಿ.

ನಾವು ಕೊಳೆ ಎನ್ನುವುದು ಕೊಳೆಯಲ್ಲ, ಈ ಪತ್ರದಲ್ಲಿ ನೀವು ನೆನಪಿಡಬೇಕಾದ ರಸಾಯನಶಾಸ್ತ್ರ ಇಷ್ಟೇ. ಧೂಳು ಹೊರಗಿನಿಂದ ಬಂದು ಕೂರುತ್ತದೆ. ಬೆಳ್ಳಿಯ ಕಪ್ಪು ಹಾಗೆ ಬರುವುದಿಲ್ಲ. ಗಾಳಿಯಲ್ಲಿರುವ ಹೈಡ್ರೋಜನ್ ಸಲ್ಫೈಡಿನ ಗಂಧಕ ನಾಣ್ಯದ ಮೈಯಲ್ಲಿರುವ ಬೆಳ್ಳಿಯ ಜೊತೆಗೇ ಸೇರಿ ಬೆಳ್ಳಿಯ ಸಲ್ಫೈಡ್ ಆಗುತ್ತದೆ. ಅಂದರೆ ಆ ಪದರದಲ್ಲಿರುವುದು ನಾಣ್ಯದ್ದೇ ಬೆಳ್ಳಿ. ಅದನ್ನು ತೆಗೆದಿರೋ, ಚರ್ಮ ಸುಲಿದ ಹಾಗೆ. ಇನ್ನು ಹುಣಸೆಯ ಹುಳಿ ತಾಮ್ರದ ಕಿಲುಬಿಗೆ ಮದ್ದೇ ಹೊರತು ಬೆಳ್ಳಿಯ ಕಪ್ಪಿಗೆ ಅಷ್ಟು ನಾಟುವುದಿಲ್ಲ. ಕಪ್ಪನ್ನು ಕೀಳುವುದು ಬೂದಿ, ಹಲ್ಲುಪುಡಿಗಳ ಹರಳು. ನಾವು ತೊಳೆದೆವು ಅಂದುಕೊಳ್ಳುವುದು ಉಜ್ಜುಕಾಗದದ ಕೆಲಸವನ್ನು.

ಪದರ ತೀರಾ ತೆಳುವಾಗಿದ್ದಾಗ, ಒಂದು ಮಿಲಿಮೀಟರಿನ ಹತ್ತು ಸಾವಿರದ ಒಂದು ಪಾಲಿಗಿಂತಲೂ ತೆಳುವಾಗಿದ್ದಾಗಲೇ, ಬಣ್ಣಗಳ ಆಟ ಶುರುವಾಗುತ್ತದೆ. ಮಳೆ ಬಿದ್ದ ರಸ್ತೆಯ ಮೇಲೆ ಸ್ಕೂಟರಿನ ಎಣ್ಣೆ ಹರಡಿದಾಗ ಕಾಣುವ ಕಾಮನಬಿಲ್ಲಿನ ಕಥೆಯೇ ಇದು. ಪದರದ ಮೇಲಿನಿಂದ ಮತ್ತು ತಳದಿಂದ ಹಿಂದಿರುಗುವ ಬೆಳಕಿನ ಅಲೆಗಳು ಒಂದನ್ನೊಂದು ಹೆಚ್ಚಿಸುತ್ತವೆ, ಇಲ್ಲವೇ ಅಳಿಸುತ್ತವೆ. ಪಿಯುಸಿಯಲ್ಲಿ ವ್ಯತಿಕರಣ ಎಂದು ಓದಿ ಮರೆತಿದ್ದು ಇದನ್ನೇ. ಮುಖ್ಯ ಸಂಗತಿ ಏನೆಂದರೆ ಬಣ್ಣಗಳು ಮನಸ್ಸಿಗೆ ಬಂದ ಹಾಗೆ ಬರುವುದಿಲ್ಲ, ಅವಕ್ಕೊಂದು ಸರದಿ ಇದೆ. ಮೊದಲು ತೆಳು ಹಳದಿ, ಆಮೇಲೆ ಜೇನು, ಕಂದುಗೆಂಪು, ನೇರಳೆ, ನೀಲಿ, ತಿಳಿನೀಲಿ; ಪದರ ಇನ್ನೂ ದಪ್ಪವಾದರೆ ಮತ್ತೊಂದು ಸುತ್ತು ಹಳದಿ, ಗುಲಾಬಿ, ಹಸಿರು; ಕೊನೆಗೆ ಇದ್ದಿಲಿನ ಕಪ್ಪು. ಆ ಕೊನೆಯ ಹಂತ ಮುಟ್ಟಿದ ನಾಣ್ಯದಲ್ಲಿ ಹೊಳಪು ಸತ್ತಿರುತ್ತದೆ, ಬಣ್ಣವೂ ಇರುವುದಿಲ್ಲ.

ನಂಬಿಕೆ ಬರದಿದ್ದರೆ, ಈಗಾಗಲೇ ತಿಕ್ಕಿ ಹಾಳಾದ ಒಂದು ಸವಕಲು ನಾಣ್ಯವನ್ನು ಮುಚ್ಚಳದ ಡಬ್ಬಿಯಲ್ಲಿಟ್ಟು ಪಕ್ಕದಲ್ಲಿ ಬೇಯಿಸಿದ ಮೊಟ್ಟೆಯ ಹಳದಿ ಇಡಿ. ಕೆಲವು ಗಂಟೆಗಳಲ್ಲಿ ಹಣ್ಣು ಬಣ್ಣ ತಿರುಗಿದ ಹಾಗೆ ಬೆಳ್ಳಿ ಬಣ್ಣ ತಿರುಗುತ್ತದೆ. ಈ ಪ್ರಯೋಗ ನೋಡಿದವರು ಮುಂದೆ ಹೇಳುವ ಮೋಸದ ಕಥೆಯನ್ನು ಅರ್ಧ ತಾವೇ ಊಹಿಸಬಲ್ಲರು.

ಕಪ್ಪಿಗೆ ದುಡ್ಡು ಕೊಡುವ ಈ ಹುಚ್ಚು ಎಲ್ಲಿಂದ ಬಂತು ಎಂದು ಕೇಳುತ್ತೀರಿ. ಹಳೆಯ ನಾಣ್ಯದ ಮಾಸಲು ಬಣ್ಣವನ್ನು ಗೌರವಿಸುವುದು ಯುರೋಪಿನ ಸಂಗ್ರಾಹಕರಲ್ಲಿ ಮೊದಲಿನಿಂದ ಇತ್ತು. ಮರದ ಖಾನೆಗಳ ಬೀರುವಿನಲ್ಲಿ ತಲೆಮಾರುಗಟ್ಟಲೆ ಇದ್ದು ಬಂದ ಬೂದು ನೀಲಿ ಛಾಯೆಗೆ ಕ್ಯಾಬಿನೆಟ್ ಟೋನಿಂಗ್ ಎಂದೇ ಹೆಸರು. ಆದರೆ ಬಣ್ಣಕ್ಕೆ ಪಟ್ಟು ಪಟ್ಟು ಬೆಲೆ ಕಟ್ಟುವ ಜೋರು ಅಮೆರಿಕದ್ದು. ಅದರ ನಾಯಕ ಮಾರ್ಗನ್ ಡಾಲರ್ ಎಂಬ ಬೆಳ್ಳಿ ನಾಣ್ಯ. ಆ ಡಾಲರಿಗೂ ನಿಮ್ಮಜ್ಜಿಯ ಡಬ್ಬಿಗೂ ಒಂದು ನಂಟಿದೆ, ಅದನ್ನು ಹೇಳದೆ ಮುಂದೆ ಹೋಗಲಾರೆ.

1878ರಲ್ಲಿ ಅಮೆರಿಕದ ಸಂಸತ್ತು ಗಣಿಗಳ ಬೆಳ್ಳಿಯನ್ನು ಸರ್ಕಾರ ತಿಂಗಳು ತಿಂಗಳೂ ಕೊಳ್ಳಲೇಬೇಕೆಂದು ಕಾಯಿದೆ ಮಾಡಿತು. ಕೊಂಡ ಬೆಳ್ಳಿಯೆಲ್ಲ ಡಾಲರಾಯಿತು. ಜನಕ್ಕೆ ಅಷ್ಟೊಂದು ಭಾರದ ನಾಣ್ಯ ಬೇಕಿರಲಿಲ್ಲ. ಒಂದೊಂದು ಬಟ್ಟೆಯ ಚೀಲಕ್ಕೆ ಸಾವಿರದಂತೆ ತುಂಬಿ ಖಜಾನೆಯ ನೆಲಮಾಳಿಗೆಗಳಲ್ಲಿ ಪೇರಿಸಿದರು. ಮೊದಲ ಮಹಾಯುದ್ಧ ಬಂತು. ಇಲ್ಲಿ ಹಿಂದುಸ್ತಾನದಲ್ಲಿ ಜನ ನೋಟು ಕೊಟ್ಟು ಬೆಳ್ಳಿ ರೂಪಾಯಿ ಕೇಳತೊಡಗಿದರು. ಬ್ರಿಟಿಷ್ ಸರ್ಕಾರದ ಬಳಿ ಕೊಡಲು ಬೆಳ್ಳಿ ಸಾಲದಾಯಿತು. 1918ರ ಏಪ್ರಿಲ್‌ನಲ್ಲಿ ನೆವಾಡದ ಸೆನೆಟರ್ ಕೀ ಪಿಟ್‌ಮನ್ ಹೆಸರಿನ ಕಾಯಿದೆ ಪಾಸಾಗಿ 27 ಕೋಟಿಗೂ ಹೆಚ್ಚು ಬೆಳ್ಳಿ ಡಾಲರುಗಳನ್ನು ಅಮೆರಿಕ ಕರಗಿಸಿತು. ಅದರಲ್ಲಿ ಸುಮಾರು 26 ಕೋಟಿ ಡಾಲರುಗಳ ಬೆಳ್ಳಿ ಹಡಗು ಹತ್ತಿದ್ದು ಹಿಂದುಸ್ತಾನಕ್ಕಾಗಿ. ಒಂದು ಡಾಲರಿನ ಅಪ್ಪಟ ಬೆಳ್ಳಿಯಿಂದ ಹೆಚ್ಚುಕಡಿಮೆ ಎರಡೂಕಾಲು ರೂಪಾಯಿ ಹುಟ್ಟುತ್ತದೆ. ಯುದ್ಧದ ಕೊನೆಯ ವರ್ಷಗಳ ರೂಪಾಯಿ ನಿಮ್ಮ ಡಬ್ಬಿಯಲ್ಲಿದ್ದರೆ ಅದರಲ್ಲಿ ಕರಗಿದ ಡಾಲರು ಇರುವ ಸಾಧ್ಯತೆ ಚೆನ್ನಾಗಿಯೇ ಇದೆ.

ಕರಗದೆ ಉಳಿದ ಡಾಲರುಗಳು ಚೀಲದಲ್ಲೇ ಮಲಗಿದವು. 1962ರಿಂದ 1964ರ ಮಾರ್ಚ್ ತನಕ ಖಜಾನೆ ಅವುಗಳನ್ನು ಮುಖಬೆಲೆಗೇ ಕೊಟ್ಟಿತು. ಜನ ಸರದಿ ನಿಂತು ಚೀಲ ಚೀಲ ಹೊತ್ತೊಯ್ದರು. ಬಿಚ್ಚಿ ನೋಡಿದರೆ ಹೆಚ್ಚಿನವು ಬಿಳಿ. ಆದರೆ ಬಟ್ಟೆಗೆ ಆತುಕೊಂಡು ಎಂಬತ್ತು ವರ್ಷ ಅಲುಗದೆ ಕೂತಿದ್ದ ಕೆಲವದರ ಒಂದು ಮುಖ ಮಾತ್ರ ಕಾಮನಬಿಲ್ಲು. ಬಟ್ಟೆಯಲ್ಲಿದ್ದ ಗಂಧಕ ಮಾಡಿದ ಕೆಲಸ. ಕೆಲವದರ ಮೇಲೆ ನೇಯ್ಗೆಯ ಎಳೆಗಳ ಗುರುತೂ ಇತ್ತು, ಇನ್ನು ಕೆಲವದರ ಮೇಲೆ ಪಕ್ಕದ ಡಾಲರು ಮುಚ್ಚಿದ್ದ ಅರ್ಧಚಂದ್ರ. ನನ್ನ 1918ರ ರೂಪಾಯಿಯ ಮೇಲಿನ ಚಂದ್ರನೇ.

ಈ ಬಣ್ಣ ದರ್ಜೆಯ ಲೆಕ್ಕಕ್ಕೆ ಹೇಗೆ ಸೇರುತ್ತದೆ ಎನ್ನುವುದು ಸ್ವಲ್ಪ ತಕರಾರಿನ ವಿಷಯ. ನಾಣ್ಯಕ್ಕೆ 1ರಿಂದ 70ರ ತನಕ ಅಂಕ ಕೊಡುವ ಪದ್ಧತಿ ವಿಲಿಯಂ ಶೆಲ್ಡನ್ ಎಂಬ ಮನಶ್ಶಾಸ್ತ್ರಜ್ಞನದು. ಅಮೆರಿಕದ ಹಳೆಯ ದೊಡ್ಡ ತಾಮ್ರದ ಸೆಂಟುಗಳಿಗೆಂದು 1949ರಲ್ಲಿ ಆತ ಮಾಡಿದ್ದು ಇಂದು ಲೋಕಕ್ಕೆಲ್ಲ ಅಳತೆಗೋಲಾಗಿದೆ. (ನ್ಯೂಯಾರ್ಕಿನ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ ಸಂಗ್ರಹದಿಂದ ಒಳ್ಳೆಯ ಸೆಂಟುಗಳನ್ನು ಎತ್ತಿ ಆ ಜಾಗದಲ್ಲಿ ತನ್ನ ಕಳಪೆ ಸೆಂಟುಗಳನ್ನು ಇಟ್ಟವನೂ ಈತನೇ ಎಂದು ಅವನ ಸಾವಿನ ನಂತರ ಬಯಲಾಯಿತು. ಅಂಕ ಕೊಡುವವರನ್ನು ಎಷ್ಟು ನಂಬಬೇಕು ಎನ್ನುವಾಗ ನನಗೆ ಯಾವಾಗಲೂ ಈ ಪುಣ್ಯಾತ್ಮ ನೆನಪಾಗುತ್ತಾನೆ.) 1986ರಲ್ಲಿ ಪಿಸಿಜಿಎಸ್, ಮರುವರ್ಷ ಎನ್‌ಜಿಸಿ ಎಂಬ ಸಂಸ್ಥೆಗಳು ಶುರುವಾಗಿ ನಾಣ್ಯಕ್ಕೆ ಅಂಕ ಕೊಟ್ಟು ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮುದ್ರೆ ಹಾಕಿ ಕೊಡತೊಡಗಿದವು. ನಮ್ಮವರು ಅದಕ್ಕೆ ಸ್ಲ್ಯಾಬ್ ಎನ್ನುತ್ತಾರೆ.

ಚಲಾವಣೆ ಕಾಣದ ನಾಣ್ಯದ ಅಂಕ ಎಂಎಸ್ 60ರಿಂದ ಮೇಲಕ್ಕೆ. ಅಲ್ಲಿ ಅವರು ನೋಡುವುದು ಪೆಟ್ಟು ಗೀರುಗಳನ್ನು, ಅಚ್ಚು ಎಷ್ಟು ತುಂಬಿ ಬಂದಿದೆ ಎಂಬುದನ್ನು, ಲಸ್ಟರ್ ಅನ್ನು, ಒಟ್ಟು ನೋಟದ ಚೆಲುವನ್ನು. ಟೋನಿಂಗ್‌ಗೆ ಬೇರೆ ಅಂಕವೇ ಇಲ್ಲ. ಅದು ಕೊನೆಯ ಎರಡರ ಒಳಗೆ ಸೇರಿಕೊಂಡು ಕೆಲಸ ಮಾಡುತ್ತದೆ. ಲಸ್ಟರ್ ಎಂದರೆ ಪಾಲಿಷಿನ ಹೊಳಪಲ್ಲ. ಅಚ್ಚಿನ ಏಟು ಬಿದ್ದಾಗ ಲೋಹ ನಡುವಿನಿಂದ ಅಂಚಿಗೆ ಹರಿಯುತ್ತದೆ, ಹರಿದ ಗುರುತು ಕಣ್ಣಿಗೆ ಕಾಣದ ಗೆರೆಗಳಾಗಿ ಮೈಮೇಲೆ ಉಳಿಯುತ್ತದೆ. ನಾನು ಮೊದಲು ಹೇಳಿದ ಗಾಡಿಚಕ್ರದ ಬೆಳಕು ಓಡುವುದು ಆ ಗೆರೆಗಳ ಮೇಲೆ. ಬಣ್ಣದ ಪದರ ತೆಳುವಾಗಿದ್ದು ಅದರ ಮೂಲಕ ಚಕ್ರ ತಿರುಗುತ್ತಿದ್ದರೆ ನೋಟಕ್ಕೆ ಬೆಲೆ ಬರುತ್ತದೆ, ಅಂಕ ಒಂದು ಮೆಟ್ಟಿಲು ಏರಿದರೂ ಏರೀತು. ಪದರ ದಪ್ಪಗಾಗಿ ಚಕ್ರ ನಿಂತಿದ್ದರೆ ಅಂಕ ಇಳಿಯುತ್ತದೆ. ಇನ್ನೂ ಒಂದು ಚಮತ್ಕಾರವಿದೆ. ಒಳ್ಳೆಯ ಬಣ್ಣ ಸಣ್ಣಪುಟ್ಟ ಗೀರುಗಳನ್ನು ಕಣ್ಣಿನಿಂದ ಮರೆಮಾಡುತ್ತದೆ. ಮದುವೆಮನೆಯ ರೇಷ್ಮೆ ಸೀರೆಯ ಹಾಗೆ. ಅಂಕ ಕೊಡುವವರೂ ಮನುಷ್ಯರೇ, ಅವರ ಕಣ್ಣೂ ಜಾರುತ್ತದೆ.

ಆದ್ದರಿಂದ ಒಂದೇ ಎಂಎಸ್ 65 ಎಂದು ಬರೆದ ಮೂರು ಮಾರ್ಗನ್ ಡಾಲರುಗಳಲ್ಲಿ ಬಿಳಿಯದಕ್ಕೆ ಪಟ್ಟಿಯ ಬೆಲೆ, ಚುಕ್ಕೆ ಚುಕ್ಕೆ ಮಾಸಿದ್ದಕ್ಕೆ ಅದಕ್ಕಿಂತ ಕಮ್ಮಿ, ಕಾಮನಬಿಲ್ಲಿನದಕ್ಕೆ ಇಬ್ಬರು ಹಟಕ್ಕೆ ಬಿದ್ದರೆ ಹತ್ತು ಪಟ್ಟು. ಎನ್‌ಜಿಸಿ ಕಣ್ಸೆಳೆಯುವ ನಾಣ್ಯದ ಅಂಕದ ಪಕ್ಕ ಒಂದು ನಕ್ಷತ್ರವನ್ನೂ ಹಾಕುತ್ತದೆ. ಅಂಕ ನಾಣ್ಯದ ಸ್ಥಿತಿಯನ್ನು ಹೇಳುತ್ತದೆ, ಹಣ ಚೆಲುವಿಗೆ ಹೋಗುತ್ತದೆ. ಎರಡನ್ನೂ ಒಂದೇ ಎಂದುಕೊಂಡವರು ಹರಾಜಿನಲ್ಲಿ ಕೈ ಸುಟ್ಟುಕೊಳ್ಳುತ್ತಾರೆ.

ತಿಕ್ಕಿದ ನಾಣ್ಯ ಹೋದರೆ? ಅಂಕವೇ ಸಿಗುವುದಿಲ್ಲ. ಅಸಲಿ ಹೌದು, ಆದರೆ ತೊಳೆದದ್ದು ಎಂದು ಬರೆದು ಬರೀ ಸವೆತದ ವಿವರ ಕೊಟ್ಟು ವಾಪಸು ಕಳಿಸುತ್ತಾರೆ. ಬಣ್ಣದ ಮೇಲೆ ಅನುಮಾನ ಬಂದರೂ ಇದೇ ಗತಿ. ಪಿಸಿಜಿಎಸ್‌ನ ಲೆಕ್ಕದಲ್ಲಿ 91 ಎಂದರೆ ಅನುಮಾನದ ಬಣ್ಣ, 92 ಎಂದರೆ ತೊಳೆದದ್ದು. ಗಮನಿಸಿ, ಅವರು ನಕಲಿ ಬಣ್ಣ ಎಂದು ಆಣೆ ಮಾಡುವುದಿಲ್ಲ, ಅನುಮಾನ ಎನ್ನುತ್ತಾರೆ ಅಷ್ಟೆ. ಕಾರಣ ಸರಳ: ಮೊಟ್ಟೆ ಕೊಟ್ಟ ಗಂಧಕಕ್ಕೂ ಚೀಲ ಕೊಟ್ಟ ಗಂಧಕಕ್ಕೂ ಬೆಳ್ಳಿಗೆ ಭೇದವಿಲ್ಲ. ಎರಡೂ ಅದೇ ಸಲ್ಫೈಡ್. ಒಬ್ಬ ಒಪ್ಪದ ನಾಣ್ಯವನ್ನು ಎರಡನೇ ಸಲ ಕಳಿಸಿದಾಗ ಇನ್ನೊಬ್ಬ ಒಪ್ಪಿದ ಕಥೆ ಹವ್ಯಾಸಿಗಳ ನಡುವೆ ಬೇಕಾದಷ್ಟಿದೆ. ಸ್ಲ್ಯಾಬಿನ ಚೀಟಿ ಒಂದು ಅನುಭವಿ ಅಭಿಪ್ರಾಯ. ನಾನು ಅದನ್ನು ಗೌರವಿಸುತ್ತೇನೆ, ಆದರೆ ಕೊಳ್ಳುವಾಗ ಚೀಟಿಗೆ ಬೆರಳು ಅಡ್ಡ ಇಟ್ಟು ನಾಣ್ಯ ನೋಡುತ್ತೇನೆ.

ಹೀಗೆ ಬಣ್ಣಕ್ಕೆ ಕಾಸು ಹುಟ್ಟುತ್ತದೆಂದು ಗೊತ್ತಾದ ಮೇಲೆ ಬಣ್ಣ ಹಾಕುವವರು ಹುಟ್ಟದೆ ಇರುತ್ತಾರೆಯೇ? ಕೆಲವು ವರ್ಷಗಳಿಂದ ನಮ್ಮ ಕಡೆಯ ನಾಣ್ಯ ಮೇಳಗಳಲ್ಲೂ ವಾಟ್ಸ್ಆಪ್ ಹರಾಜುಗಳಲ್ಲೂ ನವಿಲಿನ ಹಾಗೆ ಕುಣಿಯುವ ಜಾರ್ಜ್ ರೂಪಾಯಿಗಳು ಕಾಣುತ್ತಿವೆ. ಅಂಥದೊಂದನ್ನು ನಾನೂ ಕೊಂಡೆ. ಆರನೆಯ ಜಾರ್ಜನ 1945ರ ರೂಪಾಯಿ, ಫೋಟೊದಲ್ಲಿ ಕಡುನೀಲಿ, ಗುಲಾಬಿ. ಕೈಗೆ ಬಂದಾಗ ಮಸೂರ ಹಿಡಿದೆ. ನೀಲಿಯ ಪಕ್ಕದಲ್ಲೇ ಹಳದಿ, ನಡುವೆ ಬರಬೇಕಿದ್ದ ನೇರಳೆಯ ಸುಳಿವಿಲ್ಲ. ಕೆನ್ನೆಯ ಮೇಲಿನ ಹಳೆಯ ಗೀರಿನೊಳಗೂ ಹೊರಗೂ ಒಂದೇ ನೀಲಿ, ಗೀರು ಮೊದಲು ಬಂದು ಬಣ್ಣ ನಿನ್ನೆ ಬಂದ ಹಾಗೆ. ಅದಕ್ಕಿಂತ ಹೆಚ್ಚಾಗಿ ರಾಜನ ಕಿವಿ ಸವೆದು ಸಪಾಟಾಗಿತ್ತು. ಕೈಯಿಂದ ಕೈಗೆ ಅಷ್ಟು ಓಡಾಡಿ ಸವೆದ ನಾಣ್ಯಕ್ಕೆ ಬೂದು ಬಣ್ಣ ಬರುವುದು ಸಹಜ, ಕಾಮನಬಿಲ್ಲು ಎಲ್ಲಿಂದ ಬರಬೇಕು? ಮಾರಿದವರಿಗೆ ಬರೆದೆ. "ಬೆಂಗಳೂರಿನ ಹವೆ ಸಾರ್" ಎಂದು ಉತ್ತರ ಬಂತು. ಬೆಂಗಳೂರಿನ ಹವೆಯನ್ನು ಈಚೆಗೆ ಎಲ್ಲದಕ್ಕೂ ಬೈಯುತ್ತಾರೆ, ಇದೊಂದಕ್ಕೆ ಅದು ನಿರಪರಾಧಿ.

ಸಾಚಾ ಬಣ್ಣ ಸರದಿ ಬಿಡುವುದಿಲ್ಲ, ಒಂದರೊಳಗೆ ಒಂದು ಕರಗುತ್ತ ಹೋಗುತ್ತದೆ. ಚೀಲದ ಬಟ್ಟೆ ಅಥವಾ ಆಲ್ಬಮ್ಮಿನ ರಟ್ಟು ಕೊಟ್ಟ ಬಣ್ಣವಾದರೆ ಉಬ್ಬಿದ ಅಕ್ಷರಗಳ ಬುಡದಲ್ಲಿ ಬಯಲಿಗಿಂತ ಬೇರೆ ಛಾಯೆ ಇರುತ್ತದೆ, ಬಟ್ಟೆ ಡೇರೆಯ ಹಾಗೆ ಎತ್ತಿಕೊಂಡು ಆ ಮೂಲೆಯನ್ನು ಮುಟ್ಟದೆ ಇರುವುದರಿಂದ. ಹಾಕಿದ ಬಣ್ಣ ಅಂಥ ಮೂಲೆಗಳಿಗೂ ಬಳಿದಂತೆ ಹರಿದಿರುತ್ತದೆ. ಫೋಟೊ ನೋಡಿ ಕೊಳ್ಳುವವರಿಗೆ ನನ್ನದು ಒಂದೇ ಮಾತು: ಒಂಟಿ ದೀಪದ ಕೆಳಗೆ ನಾಣ್ಯ ತಿರುಗಿಸುವ ವಿಡಿಯೊ ಕೇಳಿ, ಕೊಡದಿದ್ದರೆ ಬಿಡಿ. ಫೋಟೊಗೆ ಬಣ್ಣ ಏರಿಸುವುದು ನಾಣ್ಯಕ್ಕೆ ಬಣ್ಣ ಏರಿಸುವುದಕ್ಕಿಂತ ಸುಲಭ.

ಉಲ್ಟಾ ಮೋಸವೂ ಇದೆ. ಥಯೋಯೂರಿಯ ಮತ್ತು ಆಮ್ಲ ಬೆರೆಸಿದ ದ್ರಾವಣದಲ್ಲಿ ಕೆಲವು ಸೆಕೆಂಡು ಅದ್ದಿ ತೆಗೆದರೆ ಕಪ್ಪು ಮಾಯವಾಗಿ ನಾಣ್ಯ ಬಿಳಿಯಾಗುತ್ತದೆ. ಒಂದು ಸಲ, ಬಲ್ಲವನು ಮಾಡಿದರೆ ಪತ್ತೆಯಾಗುವುದು ಕಷ್ಟ, ಪೇಟೆಯೂ ಕಣ್ಣು ಮುಚ್ಚಿಕೊಳ್ಳುತ್ತದೆ. ಪದೇ ಪದೇ ಅದ್ದಿದರೆ ಆ ಹರಿವಿನ ಗೆರೆಗಳೇ ಕರಗಿ, ಗೀರಿಲ್ಲದ ನಾಣ್ಯವೂ ಪಿಂಗಾಣಿ ತಟ್ಟೆಯ ಹಾಗೆ ಸಪ್ಪೆಯಾಗುತ್ತದೆ. ಅಡಿಗೆ ಸೋಡಾ, ಅಲ್ಯೂಮಿನಿಯಂ ಹಾಳೆಯ ಮನೆಮದ್ದನ್ನೂ ಬಹಳ ಜನ ಹೊಗಳುತ್ತಾರೆ. ಅದು ಸಲ್ಫೈಡನ್ನು ಮತ್ತೆ ಬೆಳ್ಳಿಯಾಗಿಸುವುದು ನಿಜ, ಆದರೆ ಆ ಬೆಳ್ಳಿ ಹಳೆಯ ಗೆರೆಗಳ ಜಾಗಕ್ಕೆ ಹೋಗಿ ಕೂರುವುದಿಲ್ಲ. ನಿಮ್ಮ ಕುಂಕುಮ ಭರಣಿಗೆ ಮಾಡಿಕೊಳ್ಳಿ, ನಾಣ್ಯಕ್ಕೆ ಬೇಡ.

ತಾಮ್ರದ ಮಾತು ಇನ್ನೂ ಕಟ್ಟುನಿಟ್ಟು. ಅಮೆರಿಕದ ಸಂಸ್ಥೆಗಳು ತಾಮ್ರಕ್ಕೆ ಅಂಕದ ಜೊತೆ ಬಣ್ಣವನ್ನೂ ಬರೆಯುತ್ತವೆ: ಟಂಕಸಾಲೆಯ ಕೆಂಪು ಪೂರ್ತಿ ಉಳಿದದ್ದು, ಕೆಂಪು ಕಂದು ಬೆರೆತದ್ದು, ಕಂದು. ನಮ್ಮಲ್ಲಿ ಸಿಗುವ ಟಿಪ್ಪುವಿನ ಆನೆ ಕಾಸು, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಮಯಿಲಿ ಕಾಸುಗಳಲ್ಲಿ ಕೆಂಪು ಹುಡುಕಲು ಹೋಗಬೇಡಿ. ಎರಡು ಶತಮಾನದ ತಾಮ್ರಕ್ಕೆ ಹದವಾಗಿ ಹುರಿದ ಕಾಫಿ ಬೀಜದ ಬಣ್ಣವೇ ಶೋಭೆ. ಹುಣಸೆಹಣ್ಣು ಬಿದ್ದ ಆನೆ ಗುಲಾಬಿ ಬಣ್ಣಕ್ಕೆ ತಿರುಗಿ ನೋಡಲಾಗುವುದಿಲ್ಲ.

ನಿಮ್ಮ ಡಬ್ಬಿಗೆ ಬರೋಣ. ನಿಜ ಹೇಳಿಬಿಡುತ್ತೇನೆ, ಅದರಲ್ಲಿರುವ ಬಹುಪಾಲು ರೂಪಾಯಿ ಸವೆದವು. ಸಂತೆಗೆ ಹೋಗಿ ಬಂದವು, ಕಂದಾಯ ಕಟ್ಟಲು ಹೋಗಿ ಬಂದವು, ಕಾಸಿನ ಸರಕ್ಕೆಂದು ಕೊಂಡಿ ಬೆಸೆಸಿಕೊಂಡು ಆಮೇಲೆ ಕಿತ್ತವು. ಅವಕ್ಕೆ ಬಣ್ಣ ಇದ್ದರೂ ಇಲ್ಲದಿದ್ದರೂ ಬೆಲೆ ಒಂದೇ, ಒಂದು ತೊಲ ತೂಕದ ಬೆಳ್ಳಿ. 1939ರ ತನಕದ ರೂಪಾಯಿಯಲ್ಲಿ ನೂರಕ್ಕೆ ಸುಮಾರು 92 ಪಾಲು ಬೆಳ್ಳಿ. 1940ರಿಂದ 1945ರವುಗಳಲ್ಲಿ ಅರ್ಧ ಮಾತ್ರ. ಉಳಿದದ್ದು ತಾಮ್ರ, ನಿಕಲ್, ಸತು. ಆ ತಾಮ್ರದಿಂದಾಗಿ ಇವು ಬೇಗ ಮಂಕಾಗುತ್ತವೆ, ಬಣ್ಣವೂ ಅಷ್ಟು ಚೆನ್ನಾಗಿ ಕೂರುವುದಿಲ್ಲ. ಅಜ್ಜಿಯರ ಕಾಲ ದಾಟಿ ಬಂದರೆ ಗಾಂಧಿ ಶತಮಾನೋತ್ಸವದ ಹತ್ತು ರೂಪಾಯಿ ಅನೇಕ ಮನೆಗಳಲ್ಲಿದೆ, 15 ಗ್ರಾಂ, ನೂರಕ್ಕೆ 80 ಬೆಳ್ಳಿ. ಅದನ್ನು ಖರ್ಚು ಮಾಡದೆ ಎತ್ತಿಟ್ಟವರೇ ಹೆಚ್ಚಾದ್ದರಿಂದ ಚಂದದ ಬಣ್ಣ ಅಲ್ಲಿ ಕಾಣುವುದುಂಟು.

ಹುಡುಕಬೇಕಾದ್ದು ಕಪ್ಪಿನ ಅಡಿಯಲ್ಲಿ ಚಕ್ರ ತಿರುಗುವ ಒಂದೋ ಎರಡೋ ನಾಣ್ಯಗಳನ್ನು. ಟ್ಯೂಬ್‌ಲೈಟ್ ಆರಿಸಿ, ಒಂದೇ ಬಲ್ಬು ಹಾಕಿ, ಅಂಚು ಹಿಡಿದು ಓರೆ ಮಾಡಿ ತಿರುಗಿಸಿ. ರಾಣಿಯ ಕೂದಲೆಳೆ, ರಾಜನ ಕಿವಿ, ಆನೆಯ ಸೊಂಡಿಲು ಚೂಪಾಗಿದ್ದು ಬೆಳಕು ಓಡಿದರೆ ಅದನ್ನು ಪಕ್ಕಕ್ಕಿಡಿ. ಅರಿಶಿನ ಮೆತ್ತಿದ್ದರೆ ಶುದ್ಧ ಅಸಿಟೋನಿನಲ್ಲಿ ನೆನೆಸಿ, ತಿಕ್ಕದೆ, ಭಟ್ಟಿ ಇಳಿಸಿದ ನೀರಿನಲ್ಲಿ ಅದ್ದಿ, ಮೆತ್ತನೆ ಬಟ್ಟೆಯ ಮೇಲೆ ಒಣಗಲು ಬಿಡಿ. ಅಸಿಟೋನ್ ಬೆಂಕಿಗೆ ಹತ್ತಿಕೊಳ್ಳುವ ವಸ್ತು, ದೇವರ ದೀಪದಿಂದ ದೂರವಿರಲಿ. ಉಗುರಿನ ಬಣ್ಣ ತೆಗೆಯುವ ಸುವಾಸನೆಯ ಸೀಸೆ ನಡೆಯುವುದಿಲ್ಲ. ಅಸಿಟೋನ್ ಅರಿಶಿನ, ಎಣ್ಣೆ, ಪ್ಲಾಸ್ಟಿಕ್ಕಿನ ಅಂಟನ್ನು ತೆಗೆಯುತ್ತದೆ, ಬೆಳ್ಳಿಯ ಪದರವನ್ನು ಮುಟ್ಟುವುದಿಲ್ಲ.

ಇಡುವಾಗ ರಬ್ಬರ್ ಬ್ಯಾಂಡ್ ಹತ್ತಿರ ಸುಳಿಯಬಾರದು, ಅದರಲ್ಲಿ ಗಂಧಕವಿದೆ, ನಾಣ್ಯದ ಮೇಲೆ ನಾಮ ಎಳೆದ ಹಾಗೆ ಕಪ್ಪು ಪಟ್ಟೆ ಬೀಳುತ್ತದೆ. ಉಣ್ಣೆ ಬಟ್ಟೆಯೂ ಬೇಡ. ಮೆತ್ತಗೆ ಬಳುಕುವ ಪಿವಿಸಿ ಲಕೋಟೆಗಳು ಎಲ್ಲಕ್ಕಿಂತ ಕೆಟ್ಟವು, ಕೆಲವು ಬೇಸಿಗೆಯಲ್ಲಿ ಹಸಿರು ಲೋಳೆ ಬಿಡುತ್ತವೆ. ಗಟ್ಟಿ ಕ್ಯಾಪ್ಸೂಲು, ಒಂದು ಪೊಟ್ಟಣ ಸಿಲಿಕಾ ಜೆಲ್ ಸಾಕು. ಮಂಗಳೂರು, ಕಾರವಾರದ ಕಡೆಯವರು ಪೊಟ್ಟಣವನ್ನು ಮಳೆಗಾಲದಲ್ಲಿ ಬದಲಿಸುತ್ತಿರಿ.

ಇನ್ನೊಂದು ಎಚ್ಚರಿಕೆ. ಅಮೆರಿಕಕ್ಕೆ ಕಳಿಸಿ ಅಂಕ ಹಾಕಿಸುತ್ತೇನೆ ಎಂದು ಹೊರಡುವ ಹುಡುಗರಿದ್ದಾರೆ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯಿದೆಯ ಪ್ರಕಾರ ಪ್ರಾಚ್ಯವಸ್ತು, ಅದನ್ನು ಖಾಸಗಿಯವರು ದೇಶದಾಚೆಗೆ ಕಳಿಸುವಂತಿಲ್ಲ. ವಿದೇಶದಲ್ಲಿರುವ ಮಗನ ಸೂಟ್‌ಕೇಸಿನಲ್ಲಿ ಹಾಕಿ ಕಳಿಸುವುದೂ ಅದೇ ಅಪರಾಧ. ಅಜ್ಜಿಯ ವಿಕ್ಟೋರಿಯಾ ಇಲ್ಲೇ ಇರಲಿ.

ಹಾಗಾದರೆ ಬಣ್ಣ ತಿರುಗಿದ್ದನ್ನೇ ಹುಡುಕಿ ಕೊಳ್ಳಬೇಕೇ ಎಂದರೆ, ಬೇಡ. ಕಾಮನಬಿಲ್ಲಿಗೆ ಹತ್ತು ಪಟ್ಟು ಕೊಡುವುದು ನನ್ನ ಮಟ್ಟಿಗೆ ಶೋಕಿ. ನಾನು ಕೊಡುವುದಿಲ್ಲ, ನೀವು ಕೊಟ್ಟರೆ ಜಗಳಕ್ಕೂ ಬರುವುದಿಲ್ಲ. ಬೂದು ಬಣ್ಣದ, ಯಾರೂ ಮುಟ್ಟದ, ಸಪ್ಪೆ ಮುಖದ ನಾಣ್ಯವೊಂದು ಮತ್ತು ಫಳಫಳಿಸುವ ತಿಕ್ಕಿದ ನಾಣ್ಯವೊಂದು ಒಂದೇ ಬೆಲೆಗೆ ಸಿಕ್ಕರೆ ಯೋಚಿಸದೆ ಬೂದುಬಣ್ಣದ್ದನ್ನು ಎತ್ತಿಕೊಳ್ಳಿ.

ಕೊನೆಗೊಂದು ಕೋರಿಕೆ. ಕಲಶಕ್ಕೆ ಬೆಳ್ಳಿ ರೂಪಾಯಿ ಹಾಕಬೇಡಿ ಎನ್ನಲು ನಾನು ಯಾರು? ಹಾಕಿ. ಈಗಾಗಲೇ ಬೆಳಗಿದ ರೂಪಾಯಿ ಪ್ರತಿ ಮನೆಯಲ್ಲೂ ಒಂದಾದರೂ ಇರುತ್ತದೆ, ಕಲಶಕ್ಕೆ ಅದೇ ಇರಲಿ, ವರ್ಷ ವರ್ಷವೂ ಅದನ್ನೇ ತೊಳೆಯಿರಿ. ನಮ್ಮ ಮನೆಯ ಕಲಶದಲ್ಲಿ ನಾನು ಎಂಟನೇ ಕ್ಲಾಸಿನಲ್ಲಿ ಹಾಳು ಮಾಡಿದ 1918ರ ರೂಪಾಯಿಯೇ ಇರುತ್ತದೆ. ಅದರ ಜೋಡಿ ಕ್ಯಾಪ್ಸೂಲಿನಲ್ಲಿದೆ.

ಇಂತಿ,
ನಿಮ್ಮ ಹಾಗೆಯೇ ಒಮ್ಮೆ ತಿಕ್ಕಿದವನು